ಇವತ್ತಿಗೆ ಬೀಗ ತೆಗೆದರೆ ಸಾಕು

“ಮೂರೇ. ನಾಲ್ಕನೇದು ಬಾಯಲ್ಲಿ ಬರ್‌ಬಾರ್ದು,” ಎಂದರು ಉಮಾಮಹೇಶ್ವರಿ, ನೆನೆದ ಅವರೆಕಾಳನ್ನು ಹಿದುಕಿ ಬೋಗುಣಿಗೆ ಹಾಕುತ್ತಾ.

ಸೊಸೆ ಪ್ರೇರಣಾ ಕಾಫಿ ಲೋಟ ಹಿಡಿದು ಅಡುಗೆಮನೆಯ ಗೋಡೆಗೆ ಒರಗಿ ಒಪ್ಪಿಸಿದಳು. “ಬಿಲ್ ಪೇಜಿನ ತಪ್ಪು ಸರಿಮಾಡೋದು. ಜೊತೆಯ ಹುಡುಗ ಬರೆದ ಕೋಡ್ ಓದಿ ನೋಡೋದು. ಕೋಡ್ ಪರೀಕ್ಷೆ ಮಾಡೋ ಟೆಸ್ಟ್ ಬರೆಯೋದು.”

“ಟೆಸ್ಟು ನೆನ್ನೇನೂ ಇತ್ತಲ್ಲಮ್ಮ?”

“ಇತ್ತು ಅತ್ತೆ,” ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವ ಈ ಹುಡುಗಿ ಕೆಲಸ ನೆನಪಿಡಲು ಮಾಡದ ಸರ್ಕಸ್ಸಿಲ್ಲ. ಫೋನಿಗೆ ಒಂದಾದ ಮೇಲೊಂದು ಆ್ಯಪ್ ಹಾಕಿದಳು, ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿದಳು. ಯಾವುದಕ್ಕೂ ಜಗ್ಗದವಳು ಕೊನೆಗೆ ಅತ್ತೆಯ ಬಾಯಿಗೆ ಹೆದರಿ ದಾರಿಗೆ ಬಂದಳು. ಬೆಳಿಗ್ಗೆ ಮೂರು ಕೆಲಸ ಹೇಳಬೇಕು, ಸಂಜೆ ಆಯಿತೋ ಇಲ್ಲವೋ ಹೇಳಬೇಕು, ಅಷ್ಟೇ. ಕೋಡ್ ಎಂದರೆ ಉಡುವುದೋ ತಿನ್ನುವುದೋ ಬೂದಿಕೋಟೆಯ ಉಮಾಮಹೇಶ್ವರಿಗೆ ಗೊತ್ತಿಲ್ಲ. ಆದರೆ ನಿನ್ನೆಯದು ಇವತ್ತಿಗೆ ಉಳಿದರೆ ಮಾತ್ರ ಬಿಡುತ್ತಿರಲಿಲ್ಲ.

“ಮುಂದಕ್ಕೆ ಆಕ್ತಾ ಇದ್ರೆ ಕೆಲ್ಸ ಕರಗಲ್ಲ ಕಣಮ್ಮ,” ಎಂದರು ಈಗಲೂ.

ಪ್ರೇರಣಾ ನಕ್ಕಳು. “ದಿನಾ ನಾನೇ ಹೇಳ್ತೀನಿ. ನಿಮ್ಮ ಮೂರು ಯಾವುದು ಅತ್ತೆ?”

ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. “ಇದುಕಿದ ಬ್ಯಾಳೆ ಸಾರು. ಬೇತಮಂಗಲದ ಅಕ್ಕಂಗೆ ಫೋನು...” ಎಂದವರು ಅಲ್ಲಿಗೇ ನಿಲ್ಲಿಸಿದರು. ಕೈಯೂ ನಿಂತಿತು. “ಆಮೇಲೆ ನಿಮ್ಮಾವನ ಬೀರು.”

ಗಂಡ ತೀರಿಕೊಂಡು ವರ್ಷದ ತಿಥಿಯೂ ಕಳೆದಿತ್ತು. ಅವರ ಬಟ್ಟೆಗಳನ್ನು ಯಾರಿಗಾದರೂ ಕೊಡೋಣವೆಂದು ಮಗ ಶಿವಪ್ರಸಾದ್ ಹೇಳಿ ಹೇಳಿ ಸುಮ್ಮನಾಗಿದ್ದ. ಚಾಂಪಿಯನ್ ರೀಫ್ಸಿನ ಗಣಿ ಕಾಲೊನಿಯಲ್ಲಿ ಚಳಿಗೆ ನಡುಗುವ ಮುದುಕರಿದ್ದಾರೆ, ಅವರಿಗಾದರೂ ಆದೀತು ಎಂಬುದು ಉಮಾಮಹೇಶ್ವರಿಗೂ ಒಪ್ಪಿಗೆಯೇ. ಆದರೆ ಬೀರುವಿನ ಮುಂದೆ ನಿಂತಾಗೆಲ್ಲ, ಕೊಟ್ಟುಬಿಟ್ಟರೆ ಮನುಷ್ಯ ಪೂರ್ತಿ ಹೋದಂತೆಯೇ ಎನಿಸಿ, ನಾಳೆ ನೋಡೋಣವೆಂದು ವಾಪಸು ಬರುತ್ತಿದ್ದರು.

ಪ್ರೇರಣಾ ಲೋಟ ಕೆಳಗಿಟ್ಟಳು. “ಇಷ್ಟು ದೊಡ್ಡ ಕೆಲಸಾನ ನಮ್ಮ ಆಫೀಸಲ್ಲಿ ಒಂದೇ ಸಾಲಲ್ಲಿ ಬರೆಯೋಕೆ ಬಿಡಲ್ಲ ಅತ್ತೆ. ಚಿಕ್ಕ ಚಿಕ್ಕದಾಗಿ ಬಿಡಿಸಬೇಕು. ನೋಡಿದರೆ ಭಯ ಆಗಬಾರದು, ಅಷ್ಟು ಚಿಕ್ಕದಾಗಿ.”

“ಬೀರೂನ ಎಂಗಮ್ಮ ಬಿಡಿಸೋದು?”

“ಇವತ್ತಿಗೆ ಬೀಗ ತೆಗೆದರೆ ಸಾಕು. ಒಳಗೆ ಕೈ ಹಾಕಲೇಬೇಡಿ.”

ಸಂಜೆ ಕೇಳಿದಾಗ “ಆಯ್ತು” ಎಂದರು. ಬಾಗಿಲು ತೆರೆಯುತ್ತಲೇ ಗಂಡನ ತಲೆಯೆಣ್ಣೆಯ ವಾಸನೆ ಬಂದು, ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದನ್ನು ಮಾತ್ರ ಹೇಳಲಿಲ್ಲ. ಮಾರನೆಯ ದಿನದ ಪಾಲಿಗೆ ಕರ್ಚೀಫುಗಳು ಬಂದವು, ಆಮೇಲೆ ಪಂಚೆಗಳು. ಹೀಗೆ ದಿನಕ್ಕಿಷ್ಟು ಹೊರಬಂದು ಚೀಲ ತುಂಬತೊಡಗಿತು. ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಕೆಲಸ ಒಪ್ಪಿಸುವುದನ್ನು ನೋಡಿ, ಈ ಮನೆಯಲ್ಲಿ ನಾನೊಬ್ಬನೇ ದಂಡಪಿಂಡ ಎಂದು ಶಿವಪ್ರಸಾದ್ ರೇಗಿಸಿದ.

ಕೊನೆಗೆ ಸ್ವೆಟರಿನ ದಿನ ಬಂತು. ಬೂದು ಬಣ್ಣದ್ದು, ಫ್ಯಾಕ್ಟರಿಯ ಬೆಳಗಿನ ಪಾಳಿಗೆ ಗಂಡ ಹಾಕಿಕೊಂಡು ಹೋಗುತ್ತಿದ್ದದ್ದು. ಅವತ್ತು ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಪ್ರೇರಣಾ ಹೊರಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಗಾಳಿ ತಣ್ಣಗಿತ್ತು.

“ಇವತ್ತಿನದು ಆಯ್ತಾ ಅತ್ತೆ?”

ಉಮಾಮಹೇಶ್ವರಿ ತಿರುಗಿ ನೋಡಲಿಲ್ಲ. ಸೀರೆಯ ಮೇಲೆ ಗಂಡನ ಸ್ವೆಟರು ತೊಟ್ಟಿದ್ದರು. ತೋಳು ಉದ್ದವಾಗಿ ಬೆರಳುಗಳು ಒಳಗೇ ಮುಚ್ಚಿಹೋಗಿದ್ದವು.

“ಬೀರುವಿಂದ ಆಚೆಗಂತೂ ಬಂತು,” ಎಂದರು. “ಇದನ್ನ ಆಯ್ತು ಅಂತೀಯೋ, ಆಗ್ಲಿಲ್ಲ ಅಂತೀಯೋ?”

ಪ್ರೇರಣಾ ಪಕ್ಕದಲ್ಲಿ ಕೂತಳು. ಅತ್ತೆಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸ್ವೆಟರಿನ ತೋಳನ್ನು ಬೆರಳು ಕಾಣುವವರೆಗೆ ನಿಧಾನವಾಗಿ ಮಡಿಚತೊಡಗಿದಳು.