ಅಯೇಕೊನ ಕಬ್ಬಿಣ

ಆರನೆಯ ಕಂಬದ ಗುಂಡಿಯಲ್ಲಿ ಹಾರೆ ಕಲ್ಲಿಗೆ ಬಡಿಯಿತು. ತೋಡುತ್ತಿದ್ದವನು ಕೈ ನಿಲ್ಲಿಸಿ ಒಬಿಯೆರೊನ ಮುಖ ನೋಡಿದ.

"ನನ್ನ ಮುಖದಲ್ಲಿ ಗುಂಡಿ ಇದೆಯೇನೋ? ಒಂದು ಗೇಣು ಈಚೆಗೆ ತೋಡು," ಎಂದ ಮುದುಕ. ರಸ್ತೆ ಕೆಲಸದ ಮೇಸ್ತ್ರಿಯಾಗಿ ಮೂವತ್ತು ವರ್ಷ ದುಡಿದವನು ಅವನು. ನೆಟ್ಟಿದ್ದ ಐದು ಕಂಬಗಳನ್ನು ಒಂದು ಕಣ್ಣು ಮುಚ್ಚಿ ನೋಡಿ ಮೂರನೆಯದಕ್ಕೆ ಊರುಗೋಲಿನಿಂದ ತಟ್ಟಿದ. "ಇದು ಕುಡಿದು ನಿಂತಿದೆ. ನೆಟ್ಟಗೆ ಮಾಡು."

ಬೇಲಿಯ ಬುಡದಲ್ಲಿ ನಾಲ್ವರು ಗುದ್ದಲಿ ಪಕ್ಕಕ್ಕಿಟ್ಟು ಕೂತಿದ್ದರು. ಅವರು ಗೋರಿ ತೋಡಲು ಬಂದವರು. ಗೋರಿ ಬೇಲಿಯ ಒಳಗೋ ಹೊರಗೋ ಎಂಬುದು ಬೆಳಗಿನ ಎಂಟೂವರೆಯಾದರೂ ತೀರ್ಮಾನವಾಗಿರಲಿಲ್ಲ.

ಟಾರ್ಪಾಲಿನ ನೆರಳಲ್ಲಿ, ಎರಡು ಬೆಂಚುಗಳ ಮೇಲೆ ಅಯೇಕೊನ ಶವಪೆಟ್ಟಿಗೆ ಇತ್ತು. ವಯಸ್ಸು ನಲವತ್ತೇಳು. ಕಿಸುಮು ಪೇಟೆಯಲ್ಲಿ ಜ್ವರ ಬಂದು ನಾಲ್ಕು ದಿನಕ್ಕೆ ತೀರಿಕೊಂಡಿದ್ದ. ಹದಿನೈದಕ್ಕೆ ಊರು ಬಿಟ್ಟವನು ಮದುವೆಯಾಗಲಿಲ್ಲ. ಹುಟ್ಟಿದ ಹಟ್ಟಿಯಲ್ಲಿ ತನ್ನದೆನ್ನುವ ಒಂದು ಮನೆ ಎಬ್ಬಿಸಲೂ ಇಲ್ಲ. ಲುವೋ ಜನ ಮನೆಯಿಲ್ಲದ ಗಂಡಸನ್ನು ಬೇಲಿಯ ಆಚೆ ಹೂಳುತ್ತಾರೆ. ಇಲ್ಲವೇ ಹೂಳುವ ದಿನವೇ ಅವನಿಗೊಂದು ಮನೆ ಕಟ್ಟುತ್ತಾರೆ.

ಮನೆ ಕಟ್ಟೋಣ ಎಂದು ಹಿಂದಿನ ಸಂಜೆ ಚಿಕ್ಕಪ್ಪ ಒಬಿಯೆರೊನ ಮುಂದೆ ಮಂಡಿಯೂರಿ ಕೇಳಿದವಳು ಅಯೇಕೊನ ಅಕ್ಕ ಅದೇರೊ. ಹದಿನೇಳು ಮೈಲಿ ಆಚೆಗೆ ಮದುವೆಯಾಗಿ ಹೋದವಳು. ತವರಿನ ಬೇಲಿಯ ಬಗ್ಗೆ ಮಾತಾಡಲು ಅವಳಿಗೆ ಹೆಚ್ಚಿನ ಹಕ್ಕಿರಲಿಲ್ಲ. ಮುದುಕ ಎರಡು ಷರತ್ತು ಹಾಕಿ ಒಪ್ಪಿದ್ದ.

"ಹನ್ನೆರಡು ಗಂಟೆಯೊಳಗೆ ತಗಡು ಮೇಲೇರಿರಬೇಕು. ಒಳಗೆ ಅವನ ಕಬ್ಬಿಣ ಇರಬೇಕು. ಎರಡರಲ್ಲಿ ಒಂದು ಇಲ್ಲ ಅಂದ್ರೂ ಆಚೆಗೇ. ಬರೀ ಚಪ್ಪರ ಹಾಕಿ ಮನೆ ಅಂದ್ರೆ ನಿಮ್ಮಪ್ಪ ಗೋರಿಯಿಂದ ಎದ್ದು ನನ್ನ ಬೈತಾನೆ."

ಕಬ್ಬಿಣವೆಂದರೆ ಗಂಡಸಿನ ದುಡಿಮೆಯ ಸಾಮಾನು. ಗುದ್ದಲಿ, ಮಚ್ಚು, ಈಟಿ, ಮೀನಿನ ಗಾಳ, ಯಾವುದಾದರೂ ಸರಿ. ಅಯೇಕೊನಿಗೆ ಗುದ್ದಲಿ ಇರಲಿಲ್ಲ.

ಹತ್ತೂಮುಕ್ಕಾಲಿಗೆ ಕಿಸುಮುವಿನಿಂದ ಬಂದ ಬಾಡಿಗೆ ವ್ಯಾನು ಹಟ್ಟಿಯ ಬಾಗಿಲಲ್ಲಿ ನಿಂತಿತು. ಇಳಿದವರು ಮೂವರು: ವ್ಯಾನು ಓಡಿಸಿಕೊಂಡು ಬಂದ ದಪ್ಪ ಮೈಯ ರಾಡಿಂಗ್, ಲಾರಿ ರಿಪೇರಿಯ ವಂಜಾಲ, ಮೀನು ಮಂಡಿಯ ಮಿಲ್ಕಾ. ಅಯೇಕೊ ಕೆಲಸ ಮಾಡುತ್ತಿದ್ದ, ಬಿಲಿಯರ್ಡ್ಸಿನಂಥ ಪೂಲ್ ಆಟದ ಹಾಲಿನ ಆಟಗಾರರು. ಮೂವರ ಹೆಗಲಲ್ಲೂ ಉದ್ದನೆಯ ಚೀಲ, ಚೀಲದಲ್ಲಿ ಆಟದ ಕೋಲು. ಸಾವಿನ ಮನೆಗೆ ಅವನ್ನು ಏಕೆ ತಂದರೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಅಕ್ಕಾ, ನೀವೇನಾ ಅದೇರೊ?" ಎಂದ ರಾಡಿಂಗ್. "ಅವನಿಗೊಬ್ಬ ಅಕ್ಕ ಇದಾರೆ ಅಂತ ಗೊತ್ತಾಗಿದ್ದೇ ಮಂಗಳವಾರ. ಆಸ್ಪತ್ರೆ ಚೀಟೀಲಿ ಹೆಸರು ಬರೆಸಿದ್ದ."

"ಎಷ್ಟು ವರ್ಷದ ಪರಿಚಯ?"

"ಹನ್ನೊಂದು."

"ಎಲ್ಲಿ ಮಲಗ್ತಿದ್ದ?"

ರಾಡಿಂಗ್ ವಂಜಾಲನ ಕಡೆ ನೋಡಿದ. ವಂಜಾಲ ಮಿಲ್ಕಾಳ ಕಡೆ ನೋಡಿದ.

"ನಾವು ಹೋಗೋವಾಗ ಹಾಲಲ್ಲೇ ಇರ್ತಿದ್ದ," ಎಂದಳು ಮಿಲ್ಕಾ. "ಮಾರನೇ ದಿನ ಬರೋವಾಗಲೂ ಇರ್ತಿದ್ದ."

ಅದೇರೊ ಇನ್ನು ಆ ಮಾತು ಬೆಳೆಸಲಿಲ್ಲ. "ಅವನ ಹತ್ರ ಒಂದು ಬಿಸ್ಕತ್ತಿನ ಡಬ್ಬಿ ಇತ್ತಲ್ಲ, ಕೋಲು ರಿಪೇರಿ ಸಾಮಾನು ಇಟ್ಕೊಳ್ಳೋದು? ಕೊಡಿ. ಈಗಲೇ ಬೇಕು."

ರಾಡಿಂಗ್ ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು ಎರಡು ಕೈಯಲ್ಲಿ ಕೊಟ್ಟ. ಅದು ಹಗುರವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಅಂಟಿನ ವಾಸನೆ ಮಾತ್ರ ಇತ್ತು.

"ಒಳಗಿಂದು ಹಂಚ್ಕೊಂಡ್ವಿ ಅಕ್ಕಾ. ಸತ್ತೋರ ಕಬ್ಬಿಣ ಹಂಚ್ಕೋಬೇಕು ಅಂತ ನಮ್ಮಜ್ಜಿ ಹೇಳ್ತಿದ್ಲು."

"ಹೂತು ನಾಲ್ಕು ದಿನ ಆದ್ಮೇಲೆ ಕಣಪ್ಪಾ! ಹೂಳೋಕೆ ಮೊದಲು ಯಾರಾದ್ರೂ ಹಂಚ್ತಾರಾ?"

"ನಾನು ಲುಹ್ಯಾ ಕುಲದವನು, ನಂಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ," ಎಂದ ವಂಜಾಲ. "ಇವನು ನಿಮ್ಮ ಹಾಗೇ ಲುವೋ. ಇವನೇ ಹಂಚೋಣ ಅಂದಿದ್ದು."

"ನಾನು ಹುಟ್ಟಿದ್ದು ಬಸ್ ಸ್ಟ್ಯಾಂಡ್ ಹಿಂದೆ, ನಂಗ್ಯಾರಯ್ಯ ಪೂರ್ತಿ ಶಾಸ್ತ್ರ ಹೇಳ್ಕೊಟ್ರು? ಅರ ಕೈಗೆ ಸಿಕ್ಕಿದ್ದೇ ಕೋಳಿ ಕಾಲು ಸಿಕ್ಕಿದ ಹಾಗೆ ಹಿಡ್ಕೊಂಡೆಯಲ್ಲ, ಆಗೆಲ್ಲಿ ಹೋಗಿತ್ತು ನಿನ್ನ ಅನುಮಾನ?"

"ಮೆಲ್ಲಗೆ," ಎಂದಳು ಮಿಲ್ಕಾ. ಒಬಿಯೆರೊ ಹಿಂದೆಯೇ ನಿಂತಿದ್ದ.

ಮುದುಕ ಖಾಲಿ ಡಬ್ಬಿ ನೋಡಿದ. ಕೂಗಾಡಲಿಲ್ಲ. "ಹಂಚಿದ್ದು ಹಂಚಿದ್ದೇ," ಎಂದ. "ಈಗ ಅದು ನಿಮ್ಮ ಕಬ್ಬಿಣ. ಅವನದ್ದಲ್ಲ." ಬೇಲಿಯ ಕಡೆ ತಿರುಗಿ ಗೋರಿಯವರಿಗೆ ಕೈಯೆತ್ತಲು ಹೊರಟ.

ಅದೇರೊ ಅವನ ದಾರಿಗೆ ಅಡ್ಡ ಬಂದು ಮತ್ತೆ ಮಂಡಿಯೂರಿದಳು. "ಚಿಕ್ಕಪ್ಪ, ಹಂಚೋವಾಗ ಮನೆಯವರು ಇರಬೇಕೋ ಬೇಡವೋ?"

"ಇರಬೇಕು."

"ನೀವಿದ್ರಾ?"

"ಇಲ್ಲ."

"ನಾನೂ ಇರ್ಲಿಲ್ಲ. ಹಾಗಾದ್ರೆ ಅದು ಹಂಚಿಕೆ ಹೇಗಾಗುತ್ತೆ? ಇವರು ಎತ್ತಿಟ್ಕೊಂಡಿದ್ರು, ಅಷ್ಟೆ. ಎತ್ತಿಟ್ಕೊಂಡಿದ್ದನ್ನ ವಾಪಸ್ ಕೊಡ್ತಾರೆ."

ಮುದುಕನ ಬಾಯಿಯ ಒಂದು ಮೂಲೆ ಅಲುಗಿತು. "ನಿನ್ನನ್ನ ಗಂಡು ಮಾಡಿದ್ರೆ ಈ ಹಟ್ಟಿಗೆ ಆಗ್ತಿತ್ತು. ಸರಿ. ಕೊಡ್ಲಿ."

ಮೂವರೂ ಚೀಲ ಬಿಚ್ಚಿದರು, ಜೇಬು ತಡಕಿದರು. ಚಾಪೆಯ ಮೇಲೆ ಒಂದೊಂದೇ ಬಂದು ಬಿದ್ದವು: ಒಂದು ಬದಿಗೆ ಬಟ್ಟೆ ಸುತ್ತಿದ ಬ್ಲೇಡು, ಬೆರಳಗಲದ ಅರ, ಉಪ್ಪುಕಾಗದದ ಚೂರುಗಳು, ಒಂದು ಗೇಣು ಸೈಕಲ್ ಟ್ಯೂಬು, ಬಟ್ಟಲಿನಂಥ ಗುಳಿ ಕೊರೆದ ಮರದ ತುಂಡು, ಒಂದು ಶಿಲ್ಲಿಂಗಿನ ನಾಣ್ಯ, ಕಪ್ಪಗಾದ ಒಂದು ಚರ್ಮದ ಚೂರು.

ಒಬಿಯೆರೊ ಊರುಗೋಲಿನ ತುದಿಯಿಂದ ಅವನ್ನು ಬೇರೆ ಬೇರೆ ಮಾಡಿದ. "ಇದರಲ್ಲಿ ಕಬ್ಬಿಣ ಎರಡೇ. ಉಳಿದಿದ್ದು ಕಸ."

"ಕಸ ಅಲ್ಲ ಅಜ್ಜಾ," ಎಂದಳು ಮಿಲ್ಕಾ.

"ಹಾಗಾದ್ರೆ ಹೇಳು. ಯಾವುದು ಯಾವುದಕ್ಕೆ? ಮೊದಲು ಯಾವುದು, ಆಮೇಲೆ ಯಾವುದು? ನಾಳೆ ಊರವರು ಅವನ ಕೆಲಸ ಏನಿತ್ತು ಅಂತ ಕೇಳಿದ್ರೆ ಕಸ ತೋರಿಸ್ಲಾ?"

ಮರದ ತುಂಡನ್ನು ಎತ್ತಿಟ್ಟುಕೊಂಡವಳು ಮಿಲ್ಕಾ. ಅದು ಕೋಲಿನ ತುದಿಯ ಚರ್ಮವನ್ನು ಉರುಟು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಮೊದಲು ಏನೆಂದು ಗೊತ್ತಿರಲಿಲ್ಲ. ವಂಜಾಲನಿಗೆ ಅರ ಮಾತ್ರ ಗೊತ್ತಿತ್ತು. "ನಾವು ಕೋಲು ಅವನ ಕೈಗೆ ಕೊಟ್ಟು ಬಿಯರಿಗೆ ಹೋಗ್ತಿದ್ವಿ," ಎಂದ ರಾಡಿಂಗ್, ನೆಲ ನೋಡುತ್ತ. "ಬರೋವಾಗ ರೆಡಿ ಇರ್ತಿತ್ತು."

"ನಾನು ನೋಡಿದೀನಿ," ಎಂದಳು ಅದೇರೊ.

*

ಮೂರು ವರ್ಷದ ಹಿಂದೆ, ಒಂದು ಗುರುವಾರದ ಮಧ್ಯಾಹ್ನ. ಮನೆ ಕಟ್ಟು ಎಂದು ತಮ್ಮನಿಗೆ ಹೇಳಲು ಅವಳು ಕಿಸುಮುವಿಗೆ ಹೋಗಿದ್ದಳು. ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದಳು.

ಹಾಲಿನಲ್ಲಿ ಯಾರೂ ಇರಲಿಲ್ಲ. ಎರಡು ಟೇಬಲ್ಲುಗಳ ನಡುವೆ ಸೋಡಾ ಕ್ರೇಟು ಮಗುಚಿ ಹಾಕಿಕೊಂಡು ಅಯೇಕೊ ಕೂತಿದ್ದ. ತೊಡೆಯ ಮೇಲೆ ಅಡ್ಡಲಾಗಿ ಒಂದು ಕೋಲು, ಕಾಲ ಬಳಿ ಬಿಸ್ಕತ್ತಿನ ಡಬ್ಬಿ. ತಲೆಯೆತ್ತಿ ಅವಳನ್ನು ನೋಡಿ ನಕ್ಕ.

"ಅಕ್ಕಾ! ಕೂತ್ಕೋ. ಕೈಬಿಡೋ ಹಾಗಿಲ್ಲ, ಈಗಷ್ಟೆ ಶುರು ಮಾಡಿದೀನಿ."

ಅವಳು ಕೂತಳು. ಅವನು ಕೋಲಿನ ಸವೆದ ಚರ್ಮದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದ. ಕೋಲಿನ ಬಾಯನ್ನು ಅರದಿಂದ ಸಮ ಮಾಡಿ, ಬೆಳಕಿಗೆ ಹಿಡಿದು ನೋಡಿ, ಮತ್ತೆರಡು ಸಲ ಅರ ಆಡಿಸಿದ. ಹೊಸ ಚರ್ಮದ ಬಿಲ್ಲೆಯ ಬೆನ್ನನ್ನು ಉಪ್ಪುಕಾಗದಕ್ಕೆ ಉಜ್ಜಿ ಒರಟು ಮಾಡಿದ. ಒಂದು ಹನಿ ಅಂಟು ಹಾಕಿ, ಬಿಲ್ಲೆ ಕೂರಿಸಿ, ಮೇಲಿನಿಂದ ಟ್ಯೂಬು ಎಳೆದು ಬಿಗಿದ.

"ಇದನ್ನ ಹಿಡ್ಕೋ. ಐದು ನಿಮಿಷ. ಅಲುಗಾಡಿಸ್ಬೇಡ, ಮಾತೂ ಆಡ್ಬೇಡ, ನೀನು ಮಾತಾಡಿದ್ರೆ ಕೈ ಕುಣಿಯುತ್ತೆ."

ಅವಳು ಹಿಡಿದುಕೊಂಡಳು. ಅವನು ಇನ್ನೊಂದು ಕೋಲು ತೆಗೆದುಕೊಂಡು ಟೇಬಲ್ಲಿನ ಮೇಲೆ ಉರುಳಿಸಿ ಡೊಂಕು ನೋಡಿದ. ಅವನ ಕಿವಿಯ ಮೇಲೆ ನರೆ ಬಂದಿತ್ತು. ಹೀಗೆ ಇಬ್ಬರೇ ಒಂದು ಕೆಲಸಕ್ಕೆ ಕೂತು ಮೂವತ್ತು ವರ್ಷದ ಹತ್ತಿರವಾಗಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಆ ಐದು ನಿಮಿಷಕ್ಕೆ ಹೊಂದುವಂತಿರಲಿಲ್ಲ.

ಅಂಟು ಹಿಡಿದ ಮೇಲೆ ಅವನು ಕೋಲನ್ನು ತಲೆಕೆಳಗಾಗಿ ಹಲಗೆಗೆ ಒತ್ತಿ, ಹೊರಗೆ ಚಾಚಿದ ಚರ್ಮವನ್ನು ಸುತ್ತಲೂ ಬ್ಲೇಡಿನಿಂದ ಸವರಿದ. ಮರದ ಗುಳಿಯೊಳಗೆ ಉಪ್ಪುಕಾಗದ ಇಟ್ಟು ತುದಿಯನ್ನು ತಿರುಗಿಸಿ ತಿರುಗಿಸಿ ಉರುಟು ಮಾಡಿದ. ಪಕ್ಕದಲ್ಲಿ ಶಿಲ್ಲಿಂಗ್ ಹಿಡಿದು ಎರಡರ ಬಾಗು ಒಂದೇ ಇದೆಯೇ ಎಂದು ನೋಡಿದ.

"ಆಯ್ತಾ?" ಎಂದಳು.

"ಇನ್ನೊಂದು ಕೆಲಸ ಇದೆ. ಅದೇ ಚೆನ್ನಾಗಿರೋದು. ಕೂತ್ಕೋ, ತೋರಿಸ್ತೀನಿ."

ಹೊರಗೆ ಬಸ್ಸು ಹಾರನ್ ಹಾಕಿತು. ಅದು ಹೋದರೆ ಇನ್ನು ಬೆಳಿಗ್ಗೆಯೇ. "ಮನೆ ಕಟ್ಟೋ," ಎಂದಳು ಅವಳು ಬಾಗಿಲಿನಿಂದ.

"ಲೀಗ್ ಪಂದ್ಯ ಮುಗೀಲಿ ಅಕ್ಕಾ."

*

ಅದೇರೊ ಚಾಪೆಯ ಮೇಲಿನ ಸಾಮಾನನ್ನು ಸಾಲಾಗಿ ಜೋಡಿಸುತ್ತ ಒಂದೊಂದರ ಕೆಲಸವನ್ನೂ ಹೇಳಿದಳು. ಬ್ಲೇಡು. ಅರ. ಉಪ್ಪುಕಾಗದ. ಟ್ಯೂಬು. ಮತ್ತೆ ಬ್ಲೇಡು. ಮರದ ಗುಳಿ. ನಾಣ್ಯ. ನಾಣ್ಯ ಕೊಳ್ಳುವುದಕ್ಕಲ್ಲ, ಬಾಗು ನೋಡುವುದಕ್ಕೆ ಎಂದಾಗ ರಾಡಿಂಗ್ "ಹೌದಾ!" ಎಂದ, ಅದನ್ನು ಅವನು ಜೇಬಿನ ಚಿಲ್ಲರೆಯ ಜೊತೆಗೆ ಸೇರಿಸಿದ್ದ. ಕಂಬ ನೆಡುತ್ತಿದ್ದವರೂ ಬಂದು ಸುತ್ತ ನಿಂತಿದ್ದರು.

ಒಬಿಯೆರೊ ಬಗ್ಗಿ ಉಳಿದ ಚರ್ಮದ ಚೂರನ್ನು ಎತ್ತಿದ. "ಇದು?"

ಅವಳು ಅದನ್ನು ನೋಡಿದಳು. ಏನಾದರೂ ಹೇಳಬಹುದಿತ್ತು. ಅಲ್ಲಿದ್ದವರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಗೊತ್ತಿಲ್ಲ ಚಿಕ್ಕಪ್ಪ. ಅದನ್ನ ತೋರಿಸ್ತೀನಿ ಕೂತ್ಕೋ ಅಂದ. ನಾನು ಬಸ್ಸಿಗೆ ಹೊರಟುಬಿಟ್ಟೆ."

ಮುದುಕ ಚರ್ಮವನ್ನು ಮೂಸಿದ. ಹೆಬ್ಬೆರಳಿನಿಂದ ಒಂದು ಬದಿ ಉಜ್ಜಿದ, ಇನ್ನೊಂದು ಬದಿ ಉಜ್ಜಿದ. ಆಮೇಲೆ ಅದಕ್ಕೆ ತುಸು ಉಗುಳು ಸವರಿ, ತನ್ನ ಊರುಗೋಲಿನ ಹಿಡಿಗೆ ಸುತ್ತಿ ಗಟ್ಟಿಯಾಗಿ, ಬೇಗ ಬೇಗ ತಿಕ್ಕತೊಡಗಿದ. ಎಂಬತ್ತು ದಾಟಿದ ಆ ತೋಳಿನ ನರಗಳು ಎದ್ದುಬಂದವು. ಕೈ ತೆಗೆದಾಗ ಆ ಒಂದಿಂಚು ಮರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಮೆರುಗಿಗೆ," ಎಂದ. "ಬಿಸಿಯಾಗೋವರೆಗೂ ತಿಕ್ಕಬೇಕು. ಗುದ್ದಲಿ ಹಿಡಿಗೆ ನಾನೂ ಮಾಡ್ತಿದ್ದೆ. ನಮ್ಮ ಗ್ಯಾಂಗಿನ ಹುಡುಗರು ನಗೋರು."

ಚೂರನ್ನು ನಾಣ್ಯದ ಪಕ್ಕದಲ್ಲಿ, ಸಾಲಿನ ಕೊನೆಗೆ ಇಟ್ಟ. ಬೇಲಿಯ ಕಡೆ ತಿರುಗಿ ಗದರಿದ: "ಏನು ನೋಡ್ತಾ ಕೂತಿದೀರಿ? ಒಳಗೆ ತೋಡಿ. ಮನೆಯ ಪಕ್ಕಕ್ಕೆ. ಏಯ್, ತಗಡು ಎಲ್ಲಿ? ಹನ್ನೊಂದೂವರೆ ಆಯ್ತು!"

ತಗಡು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮೇಲೇರಿತು. ಹೆಂಗಸರು ಗೋಡೆಗೆ ಮಣ್ಣು ಮೆತ್ತಿದರು. ಸಾಮಾನು ತುಂಬಿದ ಡಬ್ಬಿಯನ್ನು ಒಳಗೆ, ಇನ್ನೂ ಹಸಿಯಿದ್ದ ನೆಲದ ಮೇಲೆ ಇಟ್ಟರು. ನಾಲ್ಕಕ್ಕೆ ಹೂಳುವ ಮೊದಲು ಪೇಟೆಯ ಗೆಳೆಯರು ಎರಡು ಮಾತು ಹೇಳಲಿ ಎಂದು ಪಾದ್ರಿ ಕೇಳಿದರು. ರಾಡಿಂಗ್ ಮುಂದೆ ಬಂದ.

"ಅವನು ನಮ್ಮ ಕೋಲು ನೋಡ್ಕೋತಿದ್ದ. ಆಟ ಚೆನ್ನಾಗಿ ಬಂದ್ರೆ ನಮ್ಮ ಕೈ ಅಂತಿದ್ವಿ. ಕೆಟ್ರೆ, ಅಯೇಕೊ ತುದಿ ಸರಿ ಕೂರಿಸಿಲ್ಲ ಅಂತಿದ್ವಿ." ಅಷ್ಟು ಹೇಳಿ ಹಿಂದೆ ಸರಿದ.

ಮೆಕ್ಕೆಜೋಳದ ಮುದ್ದೆ, ಮಾಂಸದ ಸಾರು ಬಡಿಸಿದರು. ಕತ್ತಲಾಗುವ ಮೊದಲು ಊರು ಸೇರಬೇಕೆಂದು ಕಿಸುಮುವಿನವರು ಬೇಗ ಉಂಡು ಎದ್ದರು. "ನಾಲ್ಕು ದಿನ ಬಿಟ್ಟು ಬನ್ನಿ, ಶಾಸ್ತ್ರದ ಪ್ರಕಾರ ಹಂಚೋಣ," ಎಂದ ಮುದುಕ. ಬರುತ್ತೇವೆ ಎಂದರು. ಬರುತ್ತಾರೆಂದು ಅದೇರೊಗೆ ಅನ್ನಿಸಲಿಲ್ಲ.

ಊಟಕ್ಕೆ ಕೂರದೆ ಅವಳು ಮನೆಯ ಹಿಂದಕ್ಕೆ ಹೋದಳು. ಮುಂದಿನಿಂದ ನೋಡಿದರೆ ಮನೆ ಮುಗಿದಿತ್ತು. ಜನ ಅದರ ಎದುರು ನಿಂತು ಫೋಟೋ ಹಿಡಿಸಿಕೊಂಡಿದ್ದರು. ಹಿಂಗೋಡೆಗೆ ಯಾರೂ ಮಣ್ಣು ಮುಟ್ಟಿಸಿರಲಿಲ್ಲ. ಬರೀ ಕಂಬ, ಅಡ್ಡ ಗಳ, ಕತ್ತಾಳೆಯ ಕಟ್ಟು. ಪಡುವಣ ಬಿಸಿಲು ಸಂದುಸಂದಿನಲ್ಲಿ ಒಳಗೆ ನುಗ್ಗಿ ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಅವಳು ಸೊಂಟಕ್ಕೆ ಸುತ್ತಿದ ಬಟ್ಟೆ ಬಿಗಿದುಕೊಂಡು, ಗೋಡೆಗೆ ಕಲಸಿದ್ದ ಹೊಂಡದಲ್ಲಿ ಉಳಿದಿದ್ದ ಮಣ್ಣಿಗೆ ನೀರು ಸುರಿದಳು.

"ಯಾಕೆ ಮಗಳೇ?" ಎಂದ ಒಬಿಯೆರೊ, ಮೂಲೆಯಿಂದ. "ಇಲ್ಲಿ ಯಾರೂ ಇರೋದಿಲ್ಲ. ಎರಡು ಮಳೆಗೆ ಕುಸಿಯೋ ಮನೆ ಇದು."

"ಗೊತ್ತು ಚಿಕ್ಕಪ್ಪ."

ಮುದುಕ ಊರುಗೋಲು ಊರುತ್ತ ಹೋದ. ಅವಳು ಬುಡದಿಂದ ಮೆತ್ತುತ್ತ ಬಂದಳು. ಒಳಗಿನ ಪಟ್ಟೆಗಳು ಗೋಡೆಯ ಬುಡದಿಂದ ಒಂದೊಂದಾಗಿ ಹೋದವು. ಕೈಗಳು ಎದೆಯ ಮಟ್ಟಕ್ಕೆ ಬಂದವು, ಕುತ್ತಿಗೆಯ ಮಟ್ಟಕ್ಕೆ ಬಂದವು. ಕೊನೆಗೆ ಉಳಿದದ್ದು ಮುಖದ ಎದುರಿಗೆ ಅಂಗೈಯಗಲದ ಒಂದು ಸಂದು. ಅದರೊಳಗಿಂದ ಆ ಬದಿಯ ಬಾಗಿಲು, ಬಾಗಿಲಾಚೆ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಯಾರದೋ ಕೈ ಕಾಣುತ್ತಿದ್ದವು. ಅದೇರೊ ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು.