ಹಲಗೆ ತಾಗಿದ್ದು ಬುರುಡೆಗೆ

ನಾನು ಎತ್ತರ ಅಳೆಯುವ ಕೋಲು. ಹಳಿಯಾಳದ ಬಡಿಗ ಮಾನಪ್ಪ ನನ್ನನ್ನು ಸಾಗವಾನಿ ಮರದಲ್ಲಿ ಮಾಡಿದ. ನನ್ನ ನೆಟ್ಟಗಿನ ಮೈ ನೋಡಿ ಓಣಿಯ ತೆಂಗಿನ ಮರಗಳೆಲ್ಲ ನಾಚಿ ಬಗ್ಗಿದವು. ಬೇಕಾದರೆ ಹೋಗಿ ನೋಡಿ, ಇನ್ನೂ ಬಗ್ಗಿಯೇ ಇವೆ. ನಿಂತವರ ತಲೆಯ ಮೇಲೆ ಇಳಿಸಲು ನನಗೊಂದು ಜಾರುವ ಹಲಗೆಯನ್ನೂ ಕೂಡಿಸಿದ.

ಮೊದಲು ಶಾಲೆಯಲ್ಲಿದ್ದೆ. ಮಕ್ಕಳು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದರು. ಅದು ಮೋಸವೇ ಅಲ್ಲ ಎಂದು ತಿಳಿದದ್ದು ಆಮೇಲೆ, ಒಂದು ಸರ್ಕಾರಿ ಇಲಾಖೆ ನನ್ನನ್ನು ಗಾರ್ಡುಗಳ ಭರ್ತಿಗೆ ಒಯ್ದಾಗ.

ಅಲ್ಲಿಗೆ ಬಂದವಳು ಜುಲ್ಯಾನಾ ಸಿದ್ದಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದ, ಕಾಡಂಚಿನ ಅವಳ ಸಿದ್ದಿ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವರು ಒಬ್ಬರೂ ಇರಲಿಲ್ಲ. ಓಟದಲ್ಲಿ ಅವಳ ಹಿಂದೆ ಬಿದ್ದವರು ಮೂರು ದಿನ ಅವಳ ಧೂಳನ್ನೇ ಉಂಡರಂತೆ. ಎತ್ತರ ನೂರೈವತ್ತು ಸೆಂಟಿಮೀಟರ್ ಇದ್ದರೆ ಸಾಕಿತ್ತು. ಅವಳಿಗಿಂತ ಮುಂಚೆ ನಿಂತವಳಿಗೆ ಸಾಹೇಬರು, ತುರುಬು ಬಿಚ್ಚಿ ನಿಲ್ಲವ್ವಾ ಎಂದು ಅಕ್ಕರೆಯಿಂದ ಹೇಳಿದ್ದರು. ಜುಲ್ಯಾನಾಳ ಗುಂಗುರು ಕೂದಲನ್ನು ಒತ್ತಿಕೊಂಡು ನನ್ನ ಹಲಗೆ ಬುರುಡೆಗೆ ತಾಗಿತು. ನೂರೈವತ್ತೆರಡು.

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. "ಈಕಿ ತಲಿ ಮ್ಯಾಲೆ ಗುಬ್ಬಿ ಗೂಡು ಐತಿ. ಕೂದಲದ್ದು ಐದು ಕಳದು ಬರಿ."

"ಹಲಗಿ ಬುರುಡಿಗೆ ತಾಗೇತ್ರಿ ಸಾಹೇಬ್ರ," ಎಂದಳು ಜುಲ್ಯಾನಾ. "ಕೈ ಇಟ್ಟು ನೋಡ್ರಿ."

ಕೈ ಇಡುವುದೇ? ಅವರು ಪೆನ್ನಿನ ತುದಿಯನ್ನೂ ತಾಗಿಸಲಿಲ್ಲ. ಆಫ್ರಿಕಾದಲ್ಲಿ ಭರ್ತಿ ಇದ್ದರೆ ಹೋಗು ಎಂದು ನಕ್ಕರು. ಗುಮಾಸ್ತ ನೂರಾ ನಲವತ್ತೇಳು ಎಂದು ಬರೆದ.

ಎರಡು ವರ್ಷಕ್ಕೆ ಮತ್ತೆ ಭರ್ತಿ ಬಂತು. ಅವಳ ವಯಸ್ಸಿಗೆ ಅದೇ ಕೊನೆಯದು. ಜುಲ್ಯಾನಾ ತಲೆ ಬೋಳಿಸಿಕೊಂಡು ಬಂದಳು. ಮಂಡೆ ಹೇಗೆ ಹೊಳೆಯುತ್ತಿತ್ತೆಂದರೆ, ಸಾಹೇಬರು ಅದರಲ್ಲಿ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಹಲಗೆ ಇಳಿಯಿತು. ಅದೇ ನೂರೈವತ್ತೆರಡು. ಇನ್ನೇನು ಗೆದ್ದೆವು ಅಂದುಕೊಂಡೆ, ಮರದ ಬುದ್ಧಿ.

ಸಾಹೇಬರು ಅರ್ಜಿ ತಿರುವಿದರು. "ಫೋಟೋದಾಗ ಕೂದಲ ಐತಿ. ನೀನ ಆಕಿ ಅಂತ ನಾವು ಹೆಂಗ ನಂಬೂದು?"

ಅವಳು ಬೋಳು ತಲೆಗೆ ದುಪಟ್ಟಾ ಹೊದ್ದು ನನ್ನ ಕಡೆ ತಿರುಗಿದಳು.

"ನೀನರ ಹೇಳಬಾರದೇನು?"

ನನಗೆ ಇರುವುದು ಗೆರೆಗಳು, ಬಾಯಲ್ಲ. ಅವಳು ಹೋದಳು.

ಈಗ ಮುರಿದ ಕುರ್ಚಿಗಳ ಜೊತೆ ಗೋದಾಮಿನಲ್ಲಿದ್ದೇನೆ. ಗೆದ್ದಲು ಎಂಬತ್ತನೆಯ ಗೆರೆಯವರೆಗೆ ಏರಿದೆ. ಹೊರಗೆ ಕೆಂಪು ಅಂಕಿ ಮಿನುಗುವ ಹೊಸ ಯಂತ್ರ ಬಂದಿದೆ. ಅದು ಸುಳ್ಳೇ ಹೇಳುವುದಿಲ್ಲವೆಂದು ಎಲ್ಲರೂ ಹೊಗಳುತ್ತಾರೆ.

ನಾನೂ ಹೇಳಿರಲಿಲ್ಲ.