ಆಮೆ ಮುಟ್ಟದವರ ಊರು

ಬೇರೆ ಊರುಗಳ ಗೈಡುಗಳು ಆಮೆಯನ್ನು ಎತ್ತಿ, ಒರೆಸಿ, ಕಲ್ಲಿನ ಮೇಲೆ ಕೂರಿಸಿ ಫೋಟೋ ತೆಗೆಸುತ್ತಾರೆ. ನಾವು ಮಡಗಾಸ್ಕರಿನ ತಂದ್ರುಯಿ ಜನ. ನಮಗೆ ಆಮೆ ಫಾದಿ. ತಿನ್ನುವುದಿರಲಿ, ಮುಟ್ಟುವಂತೆಯೂ ಇಲ್ಲ. ದಾರಿಗೆ ಅಡ್ಡ ಬಂದರೆ ನಾವೇ ಬಳಸಿಕೊಂಡು ಹೋಗುತ್ತೇವೆ. ಹಾಗಾಗಿಯೇ ನಮ್ಮ ಅಂಕಿಲಿಫೋಟಿಯ ಅಂಗಳಗಳಲ್ಲಿ ಅವು ಯಾರನ್ನೂ ಕ್ಯಾರೇ ಅನ್ನದೆ ಕೋಳಿಗಳ ಜೊತೆ ಓಡಾಡಿಕೊಂಡಿದ್ದವು.

ನಾನೂ ಗೈಡೇ, ಆದರೆ ಮುಟ್ಟದೆ ಆಮೆಯನ್ನು ಬೆಳಕಿಗೆ ತಿರುಗಿಸುವ ವಿದ್ಯೆ ನನ್ನದು. ಮುಳ್ಳು ಕೆರೆದ ಪಾಪಾಸುಕಳ್ಳಿ ಹಣ್ಣನ್ನು ಬೇಕಾದ ಕಡೆಗೆ ಉರುಳಿಸಿಬಿಡುತ್ತೇನೆ. ಅದು ಯೋಚಿಸಿ, ಕತ್ತು ಚಾಚಿ, ನಿಧಾನಕ್ಕೆ ಹೊರಳುತ್ತದೆ. ಅರ್ಧ ಗಂಟೆ ಹಿಡಿಯುತ್ತದೆ. ರಜೆಗೆಂದು ಬಂದವರಿಗೆ ಅಷ್ಟು ತಾಳ್ಮೆ ಎಲ್ಲಿ! ಬಾವೊಬಾಬ್ ಮರಕ್ಕೆ ಹತ್ತು ಫೋಟೋ, ಸೂರ್ಯ ಮುಳುಗಿದರೆ ನೂರು, ಆಮೆಗೆ ಮಾತ್ರ ‘ಬೇಗ ಬೇಗ’.

ಬೆಲ್ಜಿಯಮ್ಮಿನ ಯೋರಿಸ್ ಹಾಗಲ್ಲ. ಮರಳಲ್ಲಿ ಬೋರಲು ಮಲಗಿ, ಹಣ್ಣಿನ ರಸ ಮೆತ್ತಿದ ಆಮೆಯ ಬಾಯಿ, ಬೆನ್ನ ಮೇಲಿನ ಕಿರಣದಂಥ ಹಳದಿ ಗೆರೆಗಳು, ಹಿಂದೆ ನಮ್ಮ ಹುಣಸೆ ಮರ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಹಿಡಿದ. ನೋಡಿ ನನ್ನ ಎದೆ ಉಬ್ಬಿತು.

“ಇಂಟರ್ನೆಟ್ಟಿಗೆ ಹಾಕುವಾಗ ಕೆಳಗೆ ಏನಂತ ಬರೀತೀಯಪ್ಪ?” ಎಂದೆ.

“ಮಡಗಾಸ್ಕರ್ ಅಂತ, ಅಷ್ಟೇ. ಜಾಗ ಹೇಳಬಾರದು ದಾಮಿ, ಆಮೆ ಹಿಡಿದು ಮಾರೋ ಕಳ್ಳರು ನೋಡ್ತಾರೆ.”

“ಹಣ್ಣು ಉರುಳಿಸಿದ್ದು ನಾನು, ಹೆಸರು ಇಡೀ ದೇಶಕ್ಕಾ? ಅಂಕಿಲಿಫೋಟಿ ಅಂತ ಬರಿ. ನಾಲ್ಕು ಜನ ಹುಡುಕ್ಕೊಂಡು ಬರಲಿ.”

ಅವನು ಬೇಡವೆಂದ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಕೊನೆಗೆ ಬರೆದ.

ನನ್ನ ಹೆಂಡತಿ ಸುವಾಜಾರ, ಕಡಲ ಕಡೆಯ ಮೀನುಗಾರರ ಮಗಳು. “ನಮ್ಮ ಕಡೆ ಮೀನು ಎಲ್ಲಿ ಸಿಗುತ್ತೆ ಅಂತ ಸ್ವಂತ ಭಾವನಿಗೂ ಹೇಳಲ್ಲ. ನೀನು ಡಂಗುರ ಹೊಡೆಸಿದೆಯಲ್ಲೋ ಮಾರಾಯ!” ಎಂದು ನಕ್ಕಳು.

ನಾಲ್ಕು ಜನ ಬಂದರು, ಕ್ಯಾಮೆರಾ ಇಲ್ಲದೆ. ಒಂದು ಬೆಳಿಗ್ಗೆ ಪೊದೆಯ ಮರೆಯಲ್ಲಿ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದವರನ್ನು ದನ ಕಾಯುವವರು ಕಂಡು ಕೂಗಿಕೊಂಡರು. ನಾವು ಈಟಿ ಹಿಡಿದು ಓಡಿದೆವು. ಕಳ್ಳರು ಚೀಲ ಬಿಟ್ಟು ಪರಾರಿಯಾದರು. ಒಬ್ಬನ ಮೊಬೈಲು ಮರಳಲ್ಲಿ ಬಿದ್ದು ಇನ್ನೂ ಬೆಳಗುತ್ತಿತ್ತು. ಅದರಲ್ಲಿ ನನ್ನ ಆಮೆ, ಹುಣಸೆ ಮರ, ಕೆಳಗೆ ನನ್ನ ಊರಿನ ಹೆಸರು. ನನ್ನಣ್ಣ ತ್ಸಿಮಾಮುರಿ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂಬತ್ತು ಚೀಲ. ಈಟಿಯಿಂದ ಹೊಲಿಗೆ ಸೀಳಿದೆವು. ಒಳಗೆ ಒಂದರ ಮೇಲೊಂದು ಆಮೆಗಳು, ತಲೆ ಕಾಲು ಹೊರಬರದಂತೆ ಸುತ್ತಲೂ ಟೇಪು ಬಿಗಿದಿದ್ದರು. ಅದನ್ನು ಬಿಚ್ಚಲು ಈಟಿ ಸಾಲದು, ಕೈಯೇ ಬೇಕು. ಯಾರೂ ಕೈ ಚಾಚಲಿಲ್ಲ.

“ಪಟ್ಟಣದ ಅರಣ್ಯ ಕಾವಲಿನವರಿಗೆ ಫೋನ್ ಮಾಡ್ರೋ. ಅವರೇ ಬಂದು ಬಿಚ್ಚಲಿ,” ಎಂದ ಅಣ್ಣ. ಮರಳು ದಾರಿಯಲ್ಲಿ ಅವರ ಜೀಪು ಬರಲು ಏನಿಲ್ಲವೆಂದರೂ ಆರು ಗಂಟೆ ಬೇಕು.

ಸುವಾಜಾರ ತಾನು ಹೊದ್ದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ನಮ್ಮ ಜನಕ್ಕೆ ಇದು ಫಾದಿ ಅಲ್ಲ. ನಾನು ಬಿಚ್ತೀನಿ, ಸರೀರಿ.”

“ನಮ್ಮನೆ ಸೇರಿದ ಮೇಲೆ ನಮ್ಮ ಫಾದಿ ನಿಂದೂ ಹೌದು ಕಣಮ್ಮ,” ಎಂದ ಅಣ್ಣ. “ಆಮೆ ಮುಟ್ಟಿದ ನಿನ್ನ ಕೈಯಿಂದ ಇವನು ಉಂಡ್ರೆ, ನಾಳೆ ಹಿರಿಯರ ಗೋರಿಯಲ್ಲಿ ಇವನಿಗೆ ಜಾಗ ಇಲ್ಲ.”

ಅವಳು ನನ್ನತ್ತ ತಿರುಗಿದಳು. “ದಾಮಿ, ನೀನು ಹೇಳು. ಇನ್ನೂ ಜೀವ ಇದೆ ಇವಕ್ಕೆ.”

ಊರಿಗೆ ಕಳ್ಳರನ್ನು ಕರೆಸಿದವನು ನಾನು. ಅದರ ಮೇಲೆ ಇನ್ನೊಂದು ಅಪವಾದ ಹೊರುವ ಧೈರ್ಯ ನನಗಿರಲಿಲ್ಲ. ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದೆ. ಗಟ್ಟಿಯಾಗಿಯೇ ಎಳೆದೆ.

ಆಮೇಲೆ ನಾವು ತೋರಿಸಿದ ಭಕ್ತಿಯೇನು ಕಡಿಮೆಯೇ! ಕೋಲು ನೆಟ್ಟು, ಕಂಬಳಿ ಕಟ್ಟಿ ನೆರಳು ಮಾಡಿದೆವು. ದೂರದಿಂದ ನೀರು ಎರಚಿದೆವು. ಅಣ್ಣ ಹಿರಿಯರ ಹೆಸರೆತ್ತಿ ನೆಲಕ್ಕೆ ರಮ್ಮು ಸುರಿದ. ಟೇಪಿನೊಳಗಿಂದ ಉಗುರು ಕೆರೆಯುವ ಸದ್ದು ಬರುತ್ತಲೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಅದು ಕಡಿಮೆಯಾಗುತ್ತಾ ಬಂತು.

ಜೀಪು ಬಂತು. ಕಾವಲಿನವರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬಿಚ್ಚಿದರು. ಮೇಲಿದ್ದ ಕೆಲವು ಕಾಲು ಹೊರಹಾಕಿದವು. ಕೆಳಗಿದ್ದವು ಒಂದೂ ಅಲುಗಲಿಲ್ಲ.

“ಬೆಳಿಗ್ಗೇನೇ ಬಿಚ್ಚಿದ್ರೆ ಎಲ್ಲಾ ಉಳೀತಿದ್ವಲ್ರೀ. ಯಾರೂ ಇರಲಿಲ್ವಾ ಇಲ್ಲಿ?” ಎಂದು ಒಬ್ಬ ಕೇಳಿದ.

ಇಡೀ ಊರೇ ನಿಂತಿತ್ತು.

“ನಾವು ಮುಟ್ಟಲಿಲ್ಲ ಸ್ವಾಮಿ,” ಎಂದ ಅಣ್ಣ, ತಲೆ ಎತ್ತಿಕೊಂಡೇ.

ಅವತ್ತು ಸುವಾಜಾರ ಎಂದಿನಂತೆ ಜೋಳದ ಅಂಬಲಿ ಬೇಯಿಸಿ ಬಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಉಂಡಾದ ಮೇಲೆ ಪಕ್ಕಕ್ಕೆ ಹೋಗಿ ಕೂತು ಅವಳ ಕೈ ಹಿಡಿಯಹೋದೆ. ಅವಳು ಎದ್ದು ಆಚೆ ಕೂತಳು.

“ಬೇಡ,” ಎಂದಳು. “ಇವತ್ತಿಂದ ನೀನು ನಂಗೆ ಫಾದಿ.”

ಎರಡು ಮಳೆಗಾಲ ಕಳೆದವು. ಅವಳು ಇನ್ನೂ ಮುಟ್ಟಿಲ್ಲ.